ನನ್ನ ಎಡಗಿವಿಯ ಎರಡನೇ ವಿಸಿಲ್

ಡ್ರೈವರನಿಗೆ ಕಣ್ಣು ಮುಖ್ಯ ಎಂದು ಲೈಸೆನ್ಸ್ ಕೊಡುವವರು ನಂಬಿದ್ದಾರೆ. ಬೋರ್ಡಿನ ಅಕ್ಷರ ಓದಿಸುತ್ತಾರೆ, ಬಣ್ಣ ಕೇಳುತ್ತಾರೆ. ಕಿವಿಯ ಸುದ್ದಿ ಎತ್ತಿದವರನ್ನು ನಾನು ಕಂಡಿಲ್ಲ. ನಮ್ಮ ಕಡೆಯ ಖಾಸಗಿ ಬಸ್ಸುಗಳಲ್ಲಾದರೆ ಡ್ರೈವರನ ಅರ್ಧ ಕೆಲಸ ನಡೆಯುವುದೇ ಕಿವಿಯಿಂದ. ಹಿಂದಿನ ಬಾಗಿಲಿನಲ್ಲಿ ನೇತಾಡುವ ಕಂಡಕ್ಟರ್ ಒಂದು ವಿಸಿಲ್ ಊದಿದರೆ ನಿಲ್ಲಿಸಬೇಕು, ಎರಡು ಊದಿದರೆ ಹೊರಡಬೇಕು. ಬಸ್ಸು ನಿಂತಿರುವಾಗ ಮತ್ತೊಂದು ಊದಿದನೋ, ‘ತಡಿ, ಇನ್ನೂ ಯಾರೋ ಇಳಿಯುತ್ತಿದ್ದಾರೆ’ ಎಂದು ಅರ್ಥ. ಇದನ್ನು ಎಲ್ಲಿಯೂ ಬರೆದಿಟ್ಟಿಲ್ಲ. ಸೀಟಿನಲ್ಲಿ ಕೂತ ಎರಡು ದಿನಕ್ಕೆ ತಾನಾಗಿ ಬರುತ್ತದೆ. ಆಮೇಲೆ ಕನ್ನಡಿ ನೋಡುವ ಅಭ್ಯಾಸವೂ ತಪ್ಪುತ್ತದೆ, ಯಾಕೆಂದರೆ ಹಿಂದಿನಿಂದ ಮೂರು ನಿಮಿಷಕ್ಕೆ ಇನ್ನೊಂದು ಬಸ್ಸು ಬರುತ್ತಿರುತ್ತದೆ. ಕನ್ನಡಿ ನೋಡುತ್ತ ಕೂತರೆ ಮುಂದಿನ ಸ್ಟಾಪು ತೆಕ್ಕಟ್ಟೆಯ ಜನರನ್ನೆಲ್ಲ ಆ ಬಸ್ಸಿನವನೇ ಹತ್ತಿಸಿಕೊಂಡು ಹೋಗುತ್ತಾನೆ.

ನಾನು ಬ್ರಹ್ಮಾವರ–ಬೈಂದೂರು ಲೈನಿಗೆ ಬಂದದ್ದು ೧೯೯೭ರಲ್ಲಿ. ಆಗಿನ ಬಸ್ಸುಗಳ ಇಂಜಿನ್ ಇರುತ್ತಿದ್ದದ್ದು ಡ್ರೈವರನ ಎಡಮೊಣಕಾಲಿನ ಪಕ್ಕದಲ್ಲೇ. ಮೇಲೊಂದು ತಗಡಿನ ಮುಚ್ಚಳ, ಅದರ ಮೇಲೊಂದು ಹಳೆಯ ಕುಶನ್, ಕುಶನ್ನಿನ ಮೇಲೆ ಸೀಟು ಸಿಗದ ಇಬ್ಬರು ಹೆಂಗಸರು. ದಿನಕ್ಕೆ ಎಂಟೊಂಬತ್ತು ಗಂಟೆ ಆ ಗದ್ದಲ ನನ್ನ ಎಡಗಿವಿಗೇ ಬಡಿಯುತ್ತಿತ್ತು. ಅದು ಸಾಲದ್ದಕ್ಕೆ ನನ್ನದೇ ಹಾರ್ನು. ಆ ಹಾರ್ನಿನ ಬಗ್ಗೆ ನನಗೆ ಜಂಬವಿತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ. ಕುಂಭಾಶಿಯಲ್ಲಿ ಒತ್ತಿದರೆ ಕೋಟೇಶ್ವರದವರು ಚೀಲ ಹಿಡಿದು ಎದ್ದು ನಿಲ್ಲುತ್ತಾರೆ ಎಂದು ಗೆಳೆಯರು ತಮಾಷೆ ಮಾಡುತ್ತಿದ್ದರು.

ನಾಲ್ಕು ವರ್ಷ ಕಳೆದ ಮೇಲೆ ಒಂದು ದಿನ, ಬೈಂದೂರಿನಲ್ಲಿ ಬಸ್ಸು ಆಫ್ ಮಾಡಿ ಚಾ ಕುಡಿಯಲು ಕೂತಾಗ ಎಡಗಿವಿಯಲ್ಲಿ ಕುಂಯ್ ಎಂದು ಸಣ್ಣ ಶಬ್ದ. ಹೋಟೆಲಿನ ಕುಕ್ಕರ್ ಇರಬೇಕು ಎಂದುಕೊಂಡೆ. ಹೊರಗೆ ಬಂದರೂ ಕುಕ್ಕರ್ ನನ್ನ ಜೊತೆಗೇ ಬಂತು. ಮರುದಿನವೂ ಇತ್ತು, ಮರುವಾರವೂ ಇತ್ತು. ಬಸ್ಸು ಓಡುವಾಗ ಗೊತ್ತಾಗುತ್ತಿರಲಿಲ್ಲ. ಮನೆಯಲ್ಲಿ ಸುಮ್ಮನೆ ಮಲಗಿದರೆ ಅದೊಂದೇ ಕೇಳುತ್ತಿತ್ತು.

ಅಮ್ಮನಿಗೆ ಮಾತ್ರ ಹೇಳಿದೆ. “ಬೆಳ್ಳುಳ್ಳಿ ಹಾಕಿ ಕಾಸಿದ ಎಣ್ಣಿ ಬಿಟ್ರೆ ಎಲ್ಲ ಹೋತ್,” ಎಂದಳು. ಬಿಟ್ಟಳು. ಕಿವಿ ಒಂದು ವಾರ ಒಗ್ಗರಣೆಯ ವಾಸನೆ ಹೊಡೆಯಿತೇ ಹೊರತು ಬೇರೆ ಬದಲಾವಣೆ ಕಾಣಲಿಲ್ಲ. ಆಮೇಲೆ ಯಾರೋ ಹೇಳಿದರೆಂದು ಕೆರಾಡಿಯಲ್ಲಿ ಹಸಿರು ಮದ್ದು ಕೊಡುವ ಒಬ್ಬರ ಹತ್ತಿರ ಹೋದೆ. ಅವರು ಎಂತದೋ ಸೊಪ್ಪಿನ ರಸ ಹಿಂಡಿ ಎರಡು ತೊಟ್ಟು ಬಿಟ್ಟರು, ಏಳು ದಿನ ಬಿಡಬೇಕು ಎಂದರು. ಮೂರನೇ ದಿನಕ್ಕೆ ಕಿವಿ ಸೋರಲು ಶುರುವಾಯಿತು. ಕುಂದಾಪುರದ ಒಬ್ಬ ಡಾಕ್ಟರು ಬೈದು, ಸೋರುವುದನ್ನು ವಾಸಿ ಮಾಡಿ, ಒಳಗಿದ್ದ ಗುಗ್ಗೆಯನ್ನೂ ತೆಗೆದರು. ಗುಗ್ಗೆ ಹೋದ ಮೇಲೆ ಶಬ್ದ ಮೊದಲಿಗಿಂತ ಚೊಕ್ಕವಾಗಿ ಕೇಳತೊಡಗಿತು. ದೊಡ್ಡ ಆಸ್ಪತ್ರೆಗೆ ಹೋಗಿ ಕಿವಿಯ ಪರೀಕ್ಷೆ ಮಾಡಿಸು ಎಂದು ಅವರು ಚೀಟಿ ಬರೆದುಕೊಟ್ಟರು. ಚೀಟಿಯನ್ನು ಲೈಸೆನ್ಸಿನ ಕವರಿನೊಳಗೆ ಮಡಚಿಟ್ಟೆ. ಅಲ್ಲಿ ಅದು ಏಳು ವರ್ಷ ಕೂತಿತು.

ಯಾಕೆ ಹೋಗಲಿಲ್ಲ ಎಂದರೆ, ಹೆದರಿಕೆ. ಕಿವಿಯಲ್ಲಿ ಇಲ್ಲದ ಶಬ್ದ ಕೇಳುತ್ತದೆ ಎನ್ನುವ ಡ್ರೈವರನಿಗೆ ಯಾವ ಮಾಲೀಕ, ನಮ್ಮ ಮಾತಿನಲ್ಲಿ ಧನಿ, ಬಸ್ಸು ಕೊಡುತ್ತಾನೆ? ಹೆಂಡತಿಗೂ ಹೇಳಲಿಲ್ಲ. ಜೊತೆಗಿದ್ದ ಕಂಡಕ್ಟರನಿಗಂತೂ ಇಲ್ಲವೇ ಇಲ್ಲ.

ಆ ಕಂಡಕ್ಟರ್ ಗುಲ್ವಾಡಿಯವನು. ಆಗ ಇಪ್ಪತ್ತಾರು ವರ್ಷ, ಆಗಷ್ಟೇ ಮದುವೆಯಾಗಿತ್ತು. ಒಳ್ಳೆಯ ಕೆಲಸಗಾರ. ಮುದುಕಿಯರ ಬುಟ್ಟಿ ತಾನೇ ಇಳಿಸಿ ಕೊಡುತ್ತಿದ್ದ. ನನ್ನನ್ನು ಅಣ್ಣ ಎನ್ನುತ್ತಿದ್ದ. ನನಗೆ ಮೂಗಿನ ತುದಿಯಲ್ಲೇ ಕೋಪ, ಅವನಿಗೆ ಕೋಪವೇ ಇಲ್ಲ. ಹಾಗಾಗಿ ಎರಡು ವರ್ಷ ಚೆನ್ನಾಗಿ ನಡೆಯಿತು.

ಶಬ್ದ ಶುರುವಾದ ಎರಡನೇ ವರ್ಷದ ಕೊನೆ. ಬೆಳಿಗ್ಗೆ ಹತ್ತರ ಹೊತ್ತು, ಹೆಮ್ಮಾಡಿ ಸ್ಟಾಪು. ಹಿಂದಿನ ಬಸ್ಸು ತಲ್ಲೂರಿನಿಂದಲೇ ನನ್ನ ಬೆನ್ನಿಗೆ ಬಿದ್ದಿತ್ತು. ನಿಲ್ಲಿಸಿದೆ. ಜನ ಇಳಿದರು. ಹಿಂದಿನಿಂದ ವಿಸಿಲ್ ಬಂತು, ಒಂದು, ಅದರ ಬಾಲಕ್ಕೆ ಅಂಟಿಕೊಂಡಂತೆ ಇನ್ನೊಂದು. ಗೇರು ಹಾಕಿ ಬಿಟ್ಟೆ. ಕೂಡಲೇ ಹಿಂದೆ ಕೂಗಾಟ. ಸೇವಂತಿಗೆ ಹೂ ಮಾರಿ ಖಾಲಿ ಬುಟ್ಟಿ ಹಿಡಿದು ಬರುತ್ತಿದ್ದ ಒಬ್ಬ ವಯಸ್ಸಾದ ಹೆಂಗಸು ಕೊನೆಯ ಮೆಟ್ಟಿಲಿನಲ್ಲಿದ್ದರಂತೆ. ಬಸ್ಸು ಮುಂದೆ ಹೋಯಿತು, ಅವರು ರಸ್ತೆಗೆ ಬಿದ್ದರು. ಬಲಗೈಯ ಮಣಿಕಟ್ಟು ಮುರಿಯಿತು.

ಆಸ್ಪತ್ರೆಗೆ ಸೇರಿಸಿದ ಮೇಲೆ ಧನಿ ನಮ್ಮಿಬ್ಬರನ್ನೂ ಕರೆಸಿದರು. ಅವರು ಕೇಳಿದ್ದು ಒಂದೇ ಪ್ರಶ್ನೆ, ಅದೂ ಮೊದಲು ಅವನಿಗೆ.

“ನೀ ಎಷ್ಟ್ ಊದ್ದೆ ಮರಾಯ?”

“ಒಂದೇ ಊದ್ದೆ ಧನಿ. ತಡಿ ಅಂದೇಳಿಯೇ ಊದ್ದದ್.”

ಧನಿ ನನ್ನ ಕಡೆ ತಿರುಗಿದರು. “ಎರಡ್,” ಎಂದೆ. “ನನ್ ಕೆಮಿಯಲ್ಲೇ ಕೇಂಡಿದೆ.”

ಸುಳ್ಳು ಹೇಳಲಿಲ್ಲ. ಎರಡು ಕೇಳಿದ್ದು ನಿಜ. ಆದರೆ ಆ ಕಿವಿ ಎಂಥದ್ದು ಎಂದು ಅಲ್ಲಿ ಗೊತ್ತಿದ್ದವನು ನಾನೊಬ್ಬನೇ. ಅದನ್ನು ಹೇಳುವ ಬದಲು ದನಿ ಏರಿಸಿ ಇನ್ನೊಂದು ಸಲ ಎರಡು ಎಂದೆ. ಕಂಡಕ್ಟರ್ ನನ್ನ ಮುಖ ನೋಡಿದ. ಅವನ ಮುಖದಲ್ಲಿ ಸಿಟ್ಟು ಇರಲಿಲ್ಲ, ಗೊಂದಲ ಇತ್ತು. ಲೈನು ಗೊತ್ತಿದ್ದ ಡ್ರೈವರ್ ಸಿಗುವುದು ಕಷ್ಟ, ಕಂಡಕ್ಟರಿಗೆ ಅಷ್ಟು ಬರಗಾಲವಿಲ್ಲ. ಧನಿ ಅವನನ್ನು ಕೆಲಸದಿಂದ ಬಿಡಿಸಿದರು, ಮರುದಿನದಿಂದ ಅವನು ಬರಲಿಲ್ಲ. ಹೆಂಗಸನ್ನು ಬೀಳಿಸಿದ ಕಂಡಕ್ಟರ್ ಎಂಬ ಮಾತು ಬೈಂದೂರಿನವರೆಗೆ ಹಬ್ಬಿತು, ಬೇರೆ ಬಸ್ಸಿನವರೂ ತೆಗೆದುಕೊಳ್ಳಲಿಲ್ಲ. ಊರಿನಲ್ಲೇ ಬಸಳೆ, ಅಲಸಂಡೆ ಬೆಳೆದು ಶನಿವಾರ ಕುಂದಾಪುರದ ಸಂತೆಗೆ ತಂದು ಮಾರುತ್ತಾನೆ ಎಂದು ಯಾರೋ ಹೇಳಿದರು.

ಇದು ಕೇಳಿದ ಮಾತಾಗಿಯೇ ಉಳಿಯಲಿಲ್ಲ. ತಿಂಗಳಿಗೊಮ್ಮೆ ಶನಿವಾರ ಅವನೇ ನನ್ನ ಬಸ್ಸು ಹತ್ತತೊಡಗಿದ. ಸಂತೆ ಮುಗಿಸಿ, ಕೈಯಲ್ಲಿ ಒಂದೇ ಒಂದು ಬಸಳೆ ಕಟ್ಟು ಹಿಡಿದು, ಹಿಂದಿನ ಸೀಟಿನಲ್ಲಿ ಕೂರುತ್ತಿದ್ದ. ಹೆಮ್ಮಾಡಿಯಲ್ಲಿ ಇಳಿಯುತ್ತಿದ್ದ. ಇಳಿದ ಮೇಲೆ ಮುಂದೆ ಬಂದು ನನಗೆ ತಲೆ ಆಡಿಸಿ ಹೋಗುತ್ತಿದ್ದ. ಅಲ್ಲಿ ಯಾವುದೋ ಹೋಟೆಲಿಗೆ ಕೊಡುತ್ತಾನೆ ಎಂದುಕೊಂಡೆ. ಅವನು ತಲೆ ಆಡಿಸಿದ ದಿನ ಕಿವಿಯ ಶಬ್ದ ಜೋರಾಗುತ್ತಿತ್ತು. ಕಾಕತಾಳೀಯ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ.

ಹೀಗೆ ಐದು ವರ್ಷ. ಕೊನೆಗೆ ನನ್ನನ್ನು ಹಿಡಿದದ್ದು ಹೆಂಡತಿ. “ಟೀವಿ ಎಂತಕೆ ಅಷ್ಟ್ ದೊಡ್ಡದ್ ಮಾಡ್ತ್ರಿ? ಕೆಮಿ ಕೇಣ್ತಿಲ್ಯಾ?” ಎಂದು ಶುರುಮಾಡಿದವಳು, ಲೈಸೆನ್ಸಿನ ಕವರಿನಲ್ಲಿದ್ದ ಹಳದಿ ಬಿದ್ದ ಚೀಟಿ ಸಿಕ್ಕಿದ ಮೇಲೆ ಬಿಡಲೇ ಇಲ್ಲ. ಉಡುಪಿ ಕಡೆಯ ದೊಡ್ಡ ಆಸ್ಪತ್ರೆಗೆ ಹೋದೆವು.

ಕಿವಿ ಡಾಕ್ಟರು ಬೆಳಕು ಬಿಟ್ಟು ನೋಡಿದರು, ಬಿ.ಪಿ. ನೋಡಿದರು, ತಲೆ ತಿರುಗುತ್ತದೆಯೇ, ಶಬ್ದ ನಾಡಿ ಬಡಿದಂತೆ ಬರುತ್ತದೆಯೇ, ಒಂದೇ ದಿನದಲ್ಲಿ ಕಿವಿ ಕೇಳದೆ ಹೋದದ್ದುಂಟೇ ಎಂದೆಲ್ಲ ವಿಚಾರಿಸಿದರು. ಹಾಗೇನಾದರೂ ಇದ್ದರೆ ತಡ ಮಾಡದೆ ಬರಬೇಕಿತ್ತಂತೆ. ನನಗೆ ಇರಲಿಲ್ಲ. ಆಮೇಲೆ ಕಿವಿಯ ಪರೀಕ್ಷೆ ಮಾಡುವ ಮೇಡಂ ಹತ್ತಿರ ಕಳಿಸಿದರು. ಅವರು ನನ್ನನ್ನು ದಪ್ಪ ಬಾಗಿಲಿನ ಒಂದು ಸಣ್ಣ ಕೋಣೆಯಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನು ಹಾಕಿ, ಕೈಗೊಂದು ಬಟನ್ನು ಕೊಟ್ಟು, “ಶಬ್ದ ಕೇಳಿದಾಗ ಮಾತ್ರ ಒತ್ತಿ. ಎಷ್ಟು ಸಲ ಕೇಳಿದರೆ ಅಷ್ಟೇ ಸಲ ಒತ್ತಿ,” ಎಂದು ಬಾಗಿಲು ಹಾಕಿದರು. ಅಷ್ಟು ನಿಶ್ಶಬ್ದದ ಜಾಗದಲ್ಲಿ ನಾನು ಜನ್ಮದಲ್ಲಿ ಕೂತಿರಲಿಲ್ಲ. ನನ್ನ ಕುಂಯ್ ಆ ಕೋಣೆಯನ್ನೆಲ್ಲ ತುಂಬಿಕೊಂಡಿತು. ಬಲಗಿವಿ ಸುಲಭವಾಗಿ ಮುಗಿಯಿತು. ಎಡಗಿವಿಗೆ ಬಂದಾಗ ಪರೀಕ್ಷೆ ಬರೆಯುವವನ ಹಾಗೆ ಬೆವರಿದೆ. ಆದರೂ ಒಂದನ್ನೂ ಬಿಡಲಿಲ್ಲ, ಎಲ್ಲ ಸರಿಯಾಗಿ ಒತ್ತಿದೆ ಎಂಬ ಧೈರ್ಯದಲ್ಲಿ ಹೊರಗೆ ಬಂದೆ.

ಮೇಡಂ ಕಾಗದ ತೋರಿಸಿದರು. ದಪ್ಪ ದನಿಯ ಶಬ್ದಗಳಲ್ಲಿ ಎಡಗಿವಿಯ ಗೆರೆ ಸರಿಯಾಗಿತ್ತು, ವಿಸಿಲಿನಂಥ ಚೂಪಾದ ಶಬ್ದಗಳ ಕಡೆಗೆ ಹೋದಂತೆ ಗುಂಡಿಗೆ ಇಳಿದಿತ್ತು. ಇಂಜಿನ್ ಗದ್ದಲದಿಂದ ಕಿವಿಯ ಒಳಗಿನ ಎಳೆಗಳು ಸವೆದಿವೆ, ಅಲ್ಲಿಂದ ಬರಬೇಕಾದ ಶಬ್ದ ಬಾರದಿದ್ದಾಗ ಮಿದುಳು ತಾನೇ ಒಂದನ್ನು ಹುಟ್ಟಿಸಿಕೊಳ್ಳುತ್ತದೆ ಎಂದರು. ಅಷ್ಟು ಹೇಳಿ, ಬೆರಳಿನಿಂದ ಒಂದು ಜಾಗ ಮುಟ್ಟಿದರು.

“ಇಲ್ಲಿ ನಾನು ಒಂದೇ ಸಲ ಕೊಟ್ಟೆ. ನೀವು ಎರಡು ಸಲ ಒತ್ತಿದಿರಿ. ಇನ್ನೊಂದು ಸಲ ಪರೀಕ್ಷಿಸಿದೆ, ಆಗಲೂ ಹಾಗೇ. ಕಿವಿಯಲ್ಲಿ ಶಬ್ದ ಇರುವವರಿಗೆ ಹೀಗಾಗುತ್ತದೆ. ನಿಮ್ಮ ತಪ್ಪಲ್ಲ.”

ಹೆಂಡತಿ ನನ್ನ ಮುಖ ನೋಡಿ ನೀರು ಬೇಕಾ ಎಂದಳು. ಹೆಮ್ಮಾಡಿಯಲ್ಲಿ ಅವನು ಊದಿದ್ದು ಒಂದೇ. ಕೋರ್ಟಿನಲ್ಲಾದರೆ ಇದು ಸಾಕ್ಷಿ ಆಗಲಿಕ್ಕಿಲ್ಲ. ನನಗೆ ಸಾಕಾಯಿತು.

ಚಿಕಿತ್ಸೆ ಎಂದರೆ ಮಾತ್ರೆ ಕೊಡುತ್ತಾರೆ, ಶಬ್ದ ನಿಲ್ಲುತ್ತದೆ ಎಂದುಕೊಂಡು ಹೋದವನು ನಾನು. ಶಬ್ದವನ್ನು ಪೂರ್ತಿ ಅಳಿಸುವ ಮಾತ್ರೆ ಇಲ್ಲ ಎಂದು ಮೇಡಂ ಮುಚ್ಚುಮರೆ ಇಲ್ಲದೆ ಹೇಳಿದರು. ಯಾರಾದರೂ ಇದೆ ಎಂದು ಮಾರಲು ಬಂದರೆ ಕೊಳ್ಳಬೇಡಿ, ಕಿವಿಗೆ ಎಣ್ಣೆ, ರಸ ಏನೂ ಬಿಡಬೇಡಿ ಎಂದರು. ಶಬ್ದದ ಜೊತೆ ಬದುಕುವುದನ್ನು ಮಾತ್ರ ಕಲಿಯಬಹುದು, ಅದಕ್ಕೆ ದಾರಿಗಳಿವೆ ಎಂದರು. ಎಡಗಿವಿಗೆ ಒಂದು ಮೆಷಿನು ಹಾಕಿಸಿದರು. ಹೊರಗಿನ ಶಬ್ದ ಸರಿಯಾಗಿ ಒಳಗೆ ಹೋದರೆ ಒಳಗಿನದು ಹಿಂದೆ ಸರಿಯುತ್ತದಂತೆ. ಅದು ನಿಜ, ಮೊದಲ ವಾರದಲ್ಲೇ ಗೊತ್ತಾಯಿತು. ಮೆಷಿನು ಹಾಕಿಕೊಂಡು ಅಂಗಳದಲ್ಲಿ ನಿಂತಾಗ ತೆಂಗಿನ ಗರಿಯ ಸದ್ದು ಕೇಳಿ, ಇದು ಹೊಸದೋ ಹಳೆಯದೋ ಎಂದು ಒಂದು ಗಳಿಗೆ ತಬ್ಬಿಬ್ಬಾದೆ. ಮಲಗುವಾಗ ಸಂಪೂರ್ಣ ನಿಶ್ಶಬ್ದ ಬೇಡ, ಫ್ಯಾನೋ ರೇಡಿಯೋವೋ ಹಾಕಿಕೊಳ್ಳಿ, ಕಿವಿಯ ಶಬ್ದವನ್ನು ಮುಳುಗಿಸುವಷ್ಟು ಬೇಡ, ಅದಕ್ಕಿಂತ ಸ್ವಲ್ಪ ಕೆಳಗೇ ಇರಲಿ ಎಂದರು. ಸಮುದ್ರದ ಶಬ್ದದ ಸಿ.ಡಿ. ಸಿಗುತ್ತದೆ ಎಂದೂ ಹೇಳಿದರು. ಆಗ ನಗು ಬಂತು. ಕೋಡಿಯಲ್ಲಿ ಅಕ್ಕನ ಮನೆ ಇದೆ ಮೇಡಂ, ಕಡಲು ಅಂಗಳದಲ್ಲೇ ಬಂದು ಕೂರುತ್ತದೆ ಎಂದೆ. ಭಾನುವಾರ ಸಂಜೆ ಅಲ್ಲಿಗೆ ಹೋಗಿ ಮರಳಲ್ಲಿ ಕೂರುವುದೂ ನನ್ನ ಚಿಕಿತ್ಸೆಗೆ ಸೇರಿತು. ಅಕ್ಕ ಮೀನು ಹುರಿದು ಹಾಕುತ್ತಿದ್ದಳು, ಅದು ಚೀಟಿಯಲ್ಲಿ ಇರಲಿಲ್ಲ.

ಎರಡು ವಾರಕ್ಕೊಮ್ಮೆ ಮಾತಾಡಲು ಬರಬೇಕು ಎಂದದ್ದು ಮಾತ್ರ ನನಗೆ ಸಿಟ್ಟು ತರಿಸಿತು. ಹುಚ್ಚನೇ ನಾನು? ಮೇಡಂ ಬೇಸರ ಮಾಡಿಕೊಳ್ಳಲಿಲ್ಲ. ಶಬ್ದಕ್ಕೆ ಹೆದರಿದಷ್ಟೂ ಮನಸ್ಸು ಅದನ್ನೇ ಕಾಯುತ್ತದೆ, ಕಾದಷ್ಟೂ ಅದು ದೊಡ್ಡದಾಗಿ ಕೇಳುತ್ತದೆ, ಆ ಕಾಯುವ ಕೆಲಸದಿಂದ ಮನಸ್ಸನ್ನು ಬಿಡಿಸುವುದನ್ನು ಕಲಿಸುತ್ತೇವೆ ಎಂದರು. ಹೋದೆ. ಉಸಿರಾಟ ಕಲಿಸಿದರು. ಶಬ್ದ ಯಾವಾಗ ಜೋರಾಗುತ್ತದೆ ಎಂದು ಒಂದು ಪುಸ್ತಕದಲ್ಲಿ ಬರೆದಿಡಲು ಹೇಳಿದರು. ಚಾ ಹೆಚ್ಚಾದ ದಿನ, ನಿದ್ದೆಗೆಟ್ಟ ದಿನ, ಹೆಂಡತಿಯ ಜೊತೆ ಜಗಳವಾದ ದಿನ, ಎಲ್ಲ ಪ್ರಾಮಾಣಿಕವಾಗಿ ಬರೆದೆ. ತಿಂಗಳಲ್ಲಿ ಒಂದು ಶನಿವಾರದ, ಆ ಕಂಡಕ್ಟರ್ ನನ್ನ ಬಸ್ಸು ಹತ್ತಿದ ದಿನದ, ಎದುರು ಏನೂ ಬರೆಯದೆ ಬಿಟ್ಟೆ. ಮೇಡಂ ಆ ಖಾಲಿ ಸಾಲು ನೋಡಿ ಏನಿದು ಎಂದರು. ಮರೆತೆ ಎಂದೆ. ಅದು ಸುಳ್ಳು.

ಆ ಸುಳ್ಳು ನನಗೇ ಅಸಹ್ಯವಾಯಿತು. ಮರುದಿನ ನೇರ ಧನಿಯ ಹತ್ತಿರ ಹೋಗಿ ಪರೀಕ್ಷೆಯ ಕಾಗದ ಮುಂದಿಟ್ಟು, ನಡೆದದ್ದನ್ನೆಲ್ಲ ಹೇಳಿದೆ. ಇನ್ನು ಲೈನ್ ಬಸ್ಸು ಬಿಡುವುದಿಲ್ಲ ಎಂದೂ ಹೇಳಿದೆ. ಬ್ರಹ್ಮಾವರ ಬಸ್‌ಸ್ಟ್ಯಾಂಡಿನಲ್ಲಿ ಟೈಮ್ ನೋಡುವ ಏಜೆಂಟನ ಕೆಲಸ ಕೊಡುತ್ತೇನೆ ಎಂದರು, ಅದು ಅವರ ದೊಡ್ಡತನ. ಕಂಡಕ್ಟರನ ಮಾತಿಗೆ ಮಾತ್ರ ಕೈ ಅಡ್ಡ ಮಾಡಿದರು.

“ಹಳೇದೆಲ್ಲ ಈಗ ಕೆದಕಿ ಎಂತ ಆಯ್ಕ್ ಮರಾಯ? ಅವ ಹೇಂಗೋ ಬದ್ಕಂಡಿದ್ದ. ಸುಮ್ನಿರ್.”

ಸುಮ್ಮನಿರು ಎಂದದ್ದಕ್ಕೇ ಇರಬೇಕು, ನನಗೆ ರೇಗಿತು. ಐದು ವರ್ಷ ಸುಮ್ಮನಿದ್ದವನು ನಾನೇ ಎಂಬುದು ಆ ಸಿಟ್ಟಿನಲ್ಲಿ ನೆನಪಿಗೆ ಬರಲಿಲ್ಲ. ಶುಕ್ರವಾರ ಮಧ್ಯಾಹ್ನ ಗುಲ್ವಾಡಿಗೆ ಹೋದೆ.

ಅವನ ಮನೆ ಹೊಳೆಯ ಬದಿಗೆ. ಚಪ್ಪರದ ಕೆಳಗೆ ಬಸಳೆ ಕೊಯ್ದು, ಬಾಳೆನಾರಿನಲ್ಲಿ ಕಟ್ಟು ಕಟ್ಟುತ್ತಿದ್ದ. ಮರುದಿನದ ಸಂತೆಗೆ. ನನ್ನನ್ನು ಕಂಡು ಗಡಿಬಿಡಿಯಲ್ಲಿ ಎದ್ದ.

“ಹ್ವಾಯ್, ಅಣ್ಣ! ಬನ್ನಿ, ಕೂಕಣಿ. ಕೆಮಿಗೆ ಎಂತ ಆಯ್ತ್?”

ಮೆಷಿನು ಅವನ ಕಣ್ಣಿಗೆ ಬಿದ್ದಿತ್ತು. ಕೂತೆ. ದಾರಿಯಲ್ಲಿ ಪೀಠಿಕೆ ಯೋಚಿಸಿಕೊಂಡು ಬಂದಿದ್ದೆ, ಎಲ್ಲ ಮರೆತುಹೋಯಿತು. ನನ್ನ ಕಿವಿಯಲ್ಲಿ ಏಳು ವರ್ಷದಿಂದ ಶಬ್ದ ಇದೆ, ಹೆಮ್ಮಾಡಿಯ ದಿನವೂ ಇತ್ತು, ಯಾರಿಗೂ ಹೇಳಿರಲಿಲ್ಲ, ಪರೀಕ್ಷೆಯಲ್ಲಿ ಒಂದು ಕೊಟ್ಟರೆ ನನಗೆ ಎರಡು ಕೇಳಿತು, ನೀನು ಅವತ್ತು ಊದಿದ್ದು ಒಂದೇ, ಎಂದೆ. ತಪ್ಪು ನಂದು ಎಂದೂ ಹೇಳಿದೆ.

ಬೈಯುತ್ತಾನೆ ಎಂದು ಕಾದೆ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಅವನು ಕೈಯಲ್ಲಿದ್ದ ಬಾಳೆನಾರನ್ನು ಸೀಳುತ್ತಾ ಕೂತ.

“ಮೊದ್ಲ್ ಮೊದ್ಲ್ ಒಂದೇ ಊದ್ದೆ ಅಂದೇ ಇತ್ತ್ ನಂಗೆ,” ಎಂದ. “ಆಮೇಲೆ ನೀವ್ ಸುಳ್ಳ್ ಹೇಳುವರಲ್ಲ ಅಂದ್ಕಂಡೆ. ಅಣ್ಣ ಎರಡ್ ಅಂದ್ರೆ ಎರಡೇ ಆಯ್ಕ್. ಹಂಗಾರೆ ನಾನೇ ಊದಿರ್ಕ್, ನಂಗೇ ಗೊತ್ತಾಯ್ಲಿಲ್ಲ ಅಂದೇಳಿ…”

ನಾನು ಅವನ ಕೆಲಸವನ್ನಷ್ಟೇ ಕಳೆದದ್ದು ಎಂದುಕೊಂಡಿದ್ದೆ. ಅವನು ತನ್ನ ನೆನಪನ್ನೇ ನಂಬದೆ ಐದು ವರ್ಷ ಬದುಕಿದ್ದ.

ಅವನು ಒಳಗೆ ತಿರುಗಿ ಹೆಂಡತಿಯನ್ನು ಕರೆದ. “ಹ್ವಾಯ್, ಒಂಚೂರ್ ಹೊರ್ಗೆ ಬಾ ಕಾಂಬ.” ಅವಳು ಕೈ ಒರೆಸಿಕೊಳ್ಳುತ್ತ ಬಂದು ಬಾಗಿಲಲ್ಲಿ ನಿಂತಳು. ಅವನು ನನ್ನ ಕಡೆ ತಿರುಗಿದ. “ಇನ್ನೊಂದ್ ಸಲ ಹೇಳಿ ಅಣ್ಣ. ಇವಳ ಎದ್ರಿಗೆ ಹೇಳಿ.”

ಹೇಳಿದೆ. ಮೊದಲಿನಿಂದ, ಒಂದನ್ನೂ ಬಿಡದೆ. ಅವಳು ಗಂಡನನ್ನು ನೋಡಿದಳು, ಸೆರಗಿನಿಂದ ಕಣ್ಣು ಒರೆಸಿಕೊಂಡಳು, ಚಾ ಮಾಡಲು ಒಳಗೆ ಹೋದಳು.

ಚಾ ಕುಡಿಯುವಾಗ ಹೆಮ್ಮಾಡಿಯ ಹೋಟೆಲಿಗೆ ಬಸಳೆ ಕೊಡುವುದು ಹೇಗಿದೆ ಎಂದು ಕೇಳಿದೆ, ಮಾತು ಬದಲಿಸಲು. ಅವನಿಗೆ ಅರ್ಥವಾಗಲಿಲ್ಲ.

“ಹೋಟ್ಲಿಗಾ? ಹೋಟ್ಲಿಗಲ್ಲ. ಆ ಹೂವಿನ ಅಮ್ಮನ ಮನೆಗೆ. ಕೈ ಸಮ ಕೂಡ್ಲಿಲ್ಲ ಅಲ್ದಾ ಅವ್ರಿಗೆ, ಹೂ ಕಟ್ಟುಕಾತಿಲ್ಲ. ನನ್ನಿಂದ ಆದ್ದಲ್ದಾ ಅಂದೇಳಿ ತಿಂಗ್ಳಿಗೊಂದ್ ಸಲ ಹೋಪುದ್.”

ನನ್ನ ಬಸ್ಸಿನಲ್ಲೇ, ನನ್ನ ಹಿಂದೆಯೇ ಕೂತು, ನನ್ನ ತಪ್ಪಿಗೆ ಅವನು ಹೋಗಿ ಬರುತ್ತಿದ್ದ. ಇಳಿದು ನನಗೆ ತಲೆಯನ್ನೂ ಆಡಿಸುತ್ತಿದ್ದ.

ಶಬ್ದ ಆ ದಿನ ನಿಂತಿತು ಎಂದು ಬರೆದರೆ ಓದುವವರಿಗೆ ಸಂತೋಷವಾಗಬಹುದು, ಆದರೆ ನಿಲ್ಲಲಿಲ್ಲ. ಇದನ್ನು ಬರೆಯುವಾಗಲೂ ಇದೆ. ಮೆಷಿನು, ಫ್ಯಾನು, ಕೋಡಿಯ ಕಡಲು, ಆ ಪುಸ್ತಕ, ಎಲ್ಲ ಸೇರಿ ಅದನ್ನು ಒಂದು ಮೂಲೆಯಲ್ಲಿ ಕೂರಿಸಿವೆ. ದಿನದಲ್ಲಿ ಎಷ್ಟೋ ಹೊತ್ತು ಅದರ ನೆನಪಾಗುವುದಿಲ್ಲ. ಮುಂದಿನ ಸಲ ಹೋದಾಗ ಖಾಲಿ ಬಿಟ್ಟ ಸಾಲುಗಳನ್ನು ತುಂಬಿಸಿಕೊಂಡೇ ಮೇಡಂ ಮುಂದೆ ಇಟ್ಟೆ.

ಅವತ್ತು ಗುಲ್ವಾಡಿಯಿಂದ ಹೊರಡಲು ಎದ್ದಾಗ ಅವನೂ ಎದ್ದ. “ನಾಳೆ ಸಂತೆ ಮುಗಿಸ್ಕಂಡ್ ಹೆಮ್ಮಾಡಿಗೆ ಹೋಪ,” ಎಂದ. “ಹೂವಿನ ಅಮ್ಮನ ಹತ್ರವೂ ನೀವೇ ಹೇಳ್ಕ್.”

“ಹೋಪ,” ಎಂದೆ.

ಅವನು ಬಾಗಿ, ಕಟ್ಟಿಟ್ಟ ಬಸಳೆಯಲ್ಲಿ ದಪ್ಪದೊಂದು ಕಟ್ಟನ್ನು ಆರಿಸಿದ. ಆಮೇಲೆ ಅದನ್ನು ತನ್ನ ಬುಟ್ಟಿಗೆ ಹಾಕದೆ ನನ್ನ ಕೈಗೆ ಕೊಟ್ಟ.